ಚಲಚ್ಚಿತ್ರ ಶಿಕ್ಷಣಾಲಯಗಳ ಆಯ್ಕೆ: ಪ್ರಶಸ್ತಿಭಾಗ ಮತ್ತು ದತ್ತಿಭಾಗ

ಶಾಸನಗಳನ್ನು ಓದುವವರಿಗೆ ಒಂದು ಅಭ್ಯಾಸವು ಬೇಗನೆ ಅಂಟಿಕೊಳ್ಳುತ್ತದೆ. ಮೊದಲ ಪ್ರಶಸ್ತಿಭಾಗದಲ್ಲಿ ಅರಸನು ಎಷ್ಟು ಮಂದಿ ವೈರಿಗಳ ಗರ್ವವನ್ನು ಮುರಿದನೆಂದು ಹೇಳಿದ್ದರೂ ಅದನ್ನು ಅಷ್ಟಕ್ಕೇ ಇರಿಸಿ, ನಾವು ದತ್ತಿಭಾಗಕ್ಕೆ ಇಳಿಯುತ್ತೇವೆ. ಯಾವ ಊರಿನಲ್ಲಿ ಎಷ್ಟು ಮತ್ತರು ಭೂಮಿ, ಮೂಡಲಿಗೆ ಯಾವ ಕೆರೆ, ತೆಂಕಲಿಗೆ ಯಾವ ಹಳ್ಳ ಎಂಬ ನೀರಸವಾದ ಸಾಲುಗಳಲ್ಲಿಯೇ ನಂಬತಕ್ಕ ಸಂಗತಿಗಳು ದೊರೆಯುತ್ತವೆ. ಈ ಅಭ್ಯಾಸವನ್ನು ನಾವು ತರಗತಿಯಲ್ಲಿ ವರ್ಷವರ್ಷವೂ ಬೋಧಿಸುತ್ತೇವೆ. ತರಗತಿಯ ಹೊರಗೆ ಅದನ್ನು ಮರೆಯುತ್ತೇವೆ ಎಂಬುದಕ್ಕೆ ಈ ಲೇಖನವೇ ಸಾಕ್ಷಿ.

ಎರಡು ವರ್ಷಗಳ ಹಿಂದೆ ನಮ್ಮ ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು ಚಲಚ್ಚಿತ್ರ ಶಿಕ್ಷಣಾಲಯಗಳ ಮೂರು ಪರಿಚಯ ಪುಸ್ತಿಕೆಗಳನ್ನು ನಮ್ಮ ಮೇಜಿನ ಮೇಲಿಟ್ಟು, ಇವುಗಳಲ್ಲಿ ಯಾವುದನ್ನು ಆರಿಸಲಿ ಎಂದು ಕೇಳಿದನು. ನಾವು ಪುಟವನ್ನೂ ತಿರುವದೆ ಪುಣೆಯೆಂದೆವು. ಅವನು ಪುಣೆಯ ಪ್ರವೇಶ ಪರೀಕ್ಷೆಯೊಂದನ್ನೇ ಬರೆದನು, ಆಯ್ಕೆಯಾಗಲಿಲ್ಲ. ಇನ್ನೊಂದು ವರ್ಷ ಕಾಯುವಷ್ಟು ಅನುಕೂಲ ಮನೆಯಲ್ಲಿರಲಿಲ್ಲ. ಈಗ ತಾಲ್ಲೂಕು ಕೇಂದ್ರವೊಂದರಲ್ಲಿ ಮದುವೆಯ ವೀಡಿಯೊಗಳನ್ನು ಸಂಕಲಿಸುತ್ತಿದ್ದಾನೆ. ಆ ಕೆಲಸ ಕೀಳೆಂದು ನಮ್ಮ ಮಾತಲ್ಲ. ನಾವು ಕೊಟ್ಟ ಉತ್ತರವು ತಪ್ಪಾಗಿತ್ತೆಂದೂ ಹೇಳಲಾರೆವು. ಓದದೆ ಕೊಟ್ಟದ್ದು ತಪ್ಪು. ಆ ಮೂರು ಪುಸ್ತಿಕೆಗಳನ್ನು ಈಗ ಓದಿದ್ದೇವೆ.

ಅವುಗಳ ಪ್ರಶಸ್ತಿಭಾಗವೆಂದರೆ ಹಳೆಯ ವಿದ್ಯಾರ್ಥಿಗಳ ನಾಮಾವಳಿ. ಹೆಸರುಗಳು ಸುಳ್ಳಲ್ಲ, ಆದರೆ ಗೆದ್ದವರ ಪಟ್ಟಿಯಿಂದ ಕಲಿಸಿದ ಬಗೆಯನ್ನು ಊಹಿಸುವುದು ಇತಿಹಾಸದ ವಿದ್ಯಾರ್ಥಿಗೆ ತಕ್ಕುದಲ್ಲ. ಸತ್ಯಜಿತ್ ರಾಯ್ ಅವರು ಯಾವ ಚಲಚ್ಚಿತ್ರ ಶಾಲೆಯಲ್ಲಿಯೂ ಕಲಿಯಲಿಲ್ಲ. ಜಾಹೀರಾತು ಸಂಸ್ಥೆಯಲ್ಲಿ ಚಿತ್ರಕಾರರಾಗಿದ್ದುಕೊಂಡೇ 'ಪಥೇರ್ ಪಾಂಚಾಲಿ'ಯನ್ನು (1955) ತೆಗೆದರು. ನಮ್ಮ ಪುಟ್ಟಣ್ಣ ಕಣಗಾಲರು ಬಿ.ಆರ್. ಪಂತುಲು ಅವರ ಬಳಿ ಸಹಾಯಕರಾಗಿದ್ದು ಕಲಿತವರು. 'ಸಂಸ್ಕಾರ'ದ (1970) ಛಾಯಾಗ್ರಾಹಕರು ಆಸ್ಟ್ರೇಲಿಯದ ಟಾಮ್ ಕೋವನ್. ಪುಸ್ತಿಕೆಯು ಇವರನ್ನು ಹೆಸರಿಸುವುದಿಲ್ಲ. ಶಾಲೆಗೆ ಸೇರಿಯೂ ಏನೂ ಆಗದೆ ಉಳಿದವರನ್ನಂತೂ ಹೆಸರಿಸುವುದೇ ಇಲ್ಲ.

ಹಾಗಾದರೆ ಶಾಲೆಗಳ ನಡುವಣ ನಿಜವಾದ ವ್ಯತ್ಯಾಸವು ಎಲ್ಲಿದೆ? ಅದು ಅವು ಹುಟ್ಟಿಬಂದ ಬಗೆಯಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ನಮ್ಮ ದೇಶದಲ್ಲಿ ಈ ಶಿಕ್ಷಣವು ಎರಡು ಬೇರುಗಳಿಂದ ಬೆಳೆಯಿತು, ಮೊದಲನೆಯದು ಪಾಲಿಟೆಕ್ನಿಕ್ಕಿನದು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಸ್ವಾತಂತ್ರ್ಯಪೂರ್ವದಲ್ಲಿಯೇ ಛಾಯಾಗ್ರಹಣವನ್ನು ಕಲಿಸುತ್ತಿದ್ದರು. ಮೈಸೂರಿನ ವಿ.ಕೆ. ಮೂರ್ತಿಯವರು ಅಲ್ಲಿಂದ 1946ರಲ್ಲಿ ಡಿಪ್ಲೊಮಾ ಪಡೆದು ಮುಂಬಯಿಗೆ ಹೋದರು. ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರದಲ್ಲಿ, ಸ್ಟುಡಿಯೋದ ಕತ್ತಲೆಯೊಳಗೆ ಮೇಲಿನಿಂದ ಇಳಿಯುವ ಆ ಬೆಳಕಿನ ಕಂಬಕ್ಕೆ ಅವರು ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿದರೆಂಬುದು ಪ್ರಸಿದ್ಧ ಸಂಗತಿ. ಕಾವ್ಯದಂತೆ ಕಾಣುವ ಆ ದೃಶ್ಯದ ಹಿಂದಿರುವುದು ಪ್ರತಿಫಲನದ ಲೆಕ್ಕ, ಕಾರ್ಖಾನೆಯ ಬುದ್ಧಿ. ಅದೇ ಪಾಲಿಟೆಕ್ನಿಕ್ಕಿನಿಂದ 1962ರಲ್ಲಿ ಹೊರಬಂದ ಗೋವಿಂದ ನಿಹಲಾನಿಯವರು ಮೂರ್ತಿಯವರಿಗೆ ಸಹಾಯಕರಾಗಿ, ಬಳಿಕ 'ಅಂಕುರ್' (1974) ಚಿತ್ರದ ಛಾಯಾಗ್ರಾಹಕರಾಗಿ, ಕೊನೆಗೆ 'ಆಕ್ರೋಶ್' (1980) ಚಿತ್ರದ ನಿರ್ದೇಶಕರಾದರು. ಬೆಂಗಳೂರಿನ ಈ ಶಿಕ್ಷಣದ ಮುಂದುವರಿಕೆಯನ್ನು ಇಂದು ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲಿ ಕಾಣಬೇಕು. ಪಾಲಿಟೆಕ್ನಿಕ್ಕಿನ ಬಾಗಿಲು ಎಸ್.ಎಸ್.ಎಲ್.ಸಿ. ಮುಗಿಸಿದವನಿಗೆ ತೆರೆಯುತ್ತದೆ ಎಂಬ ಚಿಕ್ಕ ಸಂಗತಿಯನ್ನು ನಮ್ಮಂಥ ಅಧ್ಯಾಪಕರು ಲಘುವಾಗಿ ಕಾಣುತ್ತೇವೆ. ಮೂರು ವರ್ಷ ಬಿ.ಎ. ಓದಿಸುವ ಶಕ್ತಿಯಿಲ್ಲದ ಮನೆಗೆ ಅದು ಚಿಕ್ಕ ಸಂಗತಿಯಲ್ಲ.

ಎರಡನೆಯ ಬೇರು ಪುಣೆಯದು. ಎಸ್.ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ 1949ರಲ್ಲಿ ನೇಮಕವಾದ ವಿಚಾರಣಾ ಸಮಿತಿಯು 1951ರ ತನ್ನ ವರದಿಯಲ್ಲಿ ಚಲಚ್ಚಿತ್ರ ಶಿಕ್ಷಣಕ್ಕೊಂದು ಸಂಸ್ಥೆ ಬೇಕೆಂದಿತು. 1960ರಲ್ಲಿ ಅದು ಸ್ಥಾಪನೆಗೊಂಡದ್ದು ಪ್ರಭಾತ್ ಕಂಪೆನಿಯ ಹಳೆಯ ಸ್ಟುಡಿಯೋದಲ್ಲಿ, ಎಂದರೆ 'ಸಂತ ತುಕಾರಾಮ್' (1936) ಚಿತ್ರವು ತಯಾರಾದ ಅಂಗಳದಲ್ಲಿ. ನಾಲ್ಕು ವರ್ಷಗಳ ಬಳಿಕ, 1964ರಲ್ಲಿ, ಅದೇ ಊರಿನಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಪತ್ರಾಗಾರವು ಆರಂಭವಾಯಿತು. ನಮ್ಮ ದೃಷ್ಟಿಯಲ್ಲಿ ಪುಣೆಯ ಹಿರಿಮೆಗೆ ನಾಮಾವಳಿಗಿಂತ ಈ ನೆರೆಹೊರೆಯೇ ಹೆಚ್ಚಿನ ಕಾರಣ. ಪಿ.ಕೆ. ನಾಯರ್ ಅವರು ಚಿತ್ರಗಳನ್ನು ಕಲೆಹಾಕಿದರು. ಸತೀಶ್ ಬಹಾದೂರ್ ಅವರು ಅವುಗಳನ್ನು ದೃಶ್ಯದೃಶ್ಯವಾಗಿ ಬಿಡಿಸಿ ಪಾಠ ಹೇಳಿದರು. ಮೂಲ ಆಕರಗಳ ಪಕ್ಕದಲ್ಲಿಯೇ ತರಗತಿ! ಇತಿಹಾಸ ವಿಭಾಗಗಳಿಗೆ ಈ ಭಾಗ್ಯವಿರುವುದು ಅಪರೂಪ, ಅಸೂಯೆಯಿಂದಲೇ ಇದನ್ನು ಬರೆಯುತ್ತಿದ್ದೇವೆ. ಆ ಪಾಠವು ಪುಣೆಯಲ್ಲಿಯೇ ನಿಲ್ಲಲಿಲ್ಲ. ಕೆ.ವಿ. ಸುಬ್ಬಣ್ಣನವರ ಪ್ರಯತ್ನದಿಂದ ಅದು ಹೆಗ್ಗೋಡಿನ ನೀನಾಸಮ್‌ವರೆಗೂ ಬಂದು, ಅಡಕೆ ತೋಟದ ಜನ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಕಂಡರು.

ಋತ್ವಿಕ್ ಘಟಕ್ ಅವರ ಹೆಸರನ್ನು ಇಲ್ಲಿ ಹೇಳಲೇಬೇಕು. ಮಣಿ ಕೌಲ್, ಕುಮಾರ್ ಶಹಾನಿ ಮೊದಲಾದ ಶಿಷ್ಯರು ಅವರನ್ನು ಬಾಳಿನುದ್ದಕ್ಕೂ ಗುರುವೆಂದು ನೆನೆದರು. ಆದರೆ 1960ರ ದಶಕದ ನಡುವೆ ಅವರು ಅಲ್ಲಿ ಕಲಿಸಿದ್ದು ಅಲ್ಪಕಾಲ. ಮುಂದಿನ ತಂಡದವರು ಅದೇ ಶುಲ್ಕ ಕೊಟ್ಟು ಸೇರಿದರೂ ಆ ಗುರು ಅಲ್ಲಿರಲಿಲ್ಲ.

ಪುಣೆಯ ಇನ್ನೊಂದು ಮುಖವನ್ನೂ ಮರೆಯಲಾಗದು. 2015ರಲ್ಲಿ ಆಡಳಿತ ಮಂಡಲಿಯ ಅಧ್ಯಕ್ಷರ ನೇಮಕದ ಕಾರಣ ವಿದ್ಯಾರ್ಥಿಗಳು 139 ದಿನ ಮುಷ್ಕರ ಹೂಡಿದರು. ಅದರಲ್ಲಿ ಯಾರ ಪಕ್ಷ ಸರಿಯೆಂಬುದು ಈ ಲೇಖನದ ವಿಷಯವಲ್ಲ. 2008ರಲ್ಲಿ ಸೇರಿದ ವಿದ್ಯಾರ್ಥಿಗಳ ಅಪೂರ್ಣ ಚಿತ್ರಗಳ ಮೌಲ್ಯಮಾಪನವು ಅದೇ ವರ್ಷ ಇನ್ನೊಂದು ಜಗಳಕ್ಕೆ ಕಾರಣವಾಯಿತೆಂಬುದು ನಮಗೆ ಮುಖ್ಯ. ಮೂರು ವರ್ಷದ ಪಾಠವು ಏಳನೆಯ ವರ್ಷದಲ್ಲಿಯೂ ಮುಗಿದಿರಲಿಲ್ಲ. ಪದವಿ ಮುಗಿದೊಡನೆ ಮಗನು ಸಂಪಾದಿಸಲಿ ಎಂದು ಕಾಯುತ್ತಿರುವ ತಂದೆಗೆ ಈ ಲೆಕ್ಕವನ್ನು ಮೊದಲೇ ತಿಳಿಸಬೇಕು. ಪುಣೆಯ ಸಂಸ್ಥೆಗೂ 1995ರಲ್ಲಿ ಕಲ್ಕತ್ತೆಯಲ್ಲಿ ರಾಯ್ ಅವರ ಹೆಸರಿನಲ್ಲಿ ಸ್ಥಾಪಿತವಾದ ಸಂಸ್ಥೆಗೂ 2025ರಲ್ಲಿ ವಿಶ್ವವಿದ್ಯಾಲಯಕ್ಕೆ ಸಮಾನವಾದ ಸ್ಥಾನ ದೊರೆತಿದೆ. ಇದರಿಂದ ಪ್ರಮಾಣಪತ್ರದ ಬೆಲೆ ಏರಬಹುದು. ಚಿತ್ರಗಳು ಹೊತ್ತಿಗೆ ಸರಿಯಾಗಿ ಮುಗಿಯುವುದು ಬೇರೆಯ ಮಾತು.

ಈ ಎರಡು ಬೇರುಗಳಲ್ಲಿ ಒಂದನ್ನು ಮೇಲೆಂದೂ ಇನ್ನೊಂದನ್ನು ಕೆಳಗೆಂದೂ ಇರಿಸುವ ರೂಢಿಯು ನಮ್ಮ ವಿದ್ಯಾವಂತರಲ್ಲಿದೆ. 'ಘಟಶ್ರಾದ್ಧ'ದ (1977) ಹೆಸರುಪಟ್ಟಿಯನ್ನು ನೋಡಿದರೆ ಅದು ಎಷ್ಟು ಪೊಳ್ಳೆಂಬುದು ಗೊತ್ತಾಗುತ್ತದೆ. ನಿರ್ದೇಶಕ ಗಿರೀಶ ಕಾಸರವಳ್ಳಿಯವರು ಮಣಿಪಾಲದಲ್ಲಿ ಔಷಧ ವಿಜ್ಞಾನ ಓದಿ ಪುಣೆಗೆ ಹೋದವರು. ಕಥೆ ಇಂಗ್ಲಿಷ್ ಅಧ್ಯಾಪಕರಾಗಿದ್ದ ಅನಂತಮೂರ್ತಿಯವರದು. ಸಂಗೀತ ಗುಬ್ಬಿ ಕಂಪೆನಿಯಿಂದ ರಾಷ್ಟ್ರೀಯ ನಾಟಕ ಶಾಲೆಯವರೆಗೆ ನಡೆದ ಬಿ.ವಿ. ಕಾರಂತರದು. ಸ್ವರ್ಣಕಮಲ ಪಡೆದ, 2024ರಲ್ಲಿ ಪುನರುಜ್ಜೀವಿತ ಪ್ರತಿಯಾಗಿ ವೆನಿಸ್ಸಿನಲ್ಲಿ ಪ್ರದರ್ಶಿತವಾದ ಈ ಕೃತಿಯನ್ನು ಯಾವ ಒಂದು ಶಾಲೆ ತನ್ನದೆಂದು ಹೇಳಿಕೊಳ್ಳಬೇಕು?

ಆದುದರಿಂದ ಪುಸ್ತಿಕೆಯಲ್ಲಿ ಹುಡುಕಬೇಕಾದದ್ದು ದತ್ತಿಭಾಗವನ್ನು. ಒಬ್ಬ ವಿದ್ಯಾರ್ಥಿಯು ತನ್ನ ಹೆಸರಿನಲ್ಲಿ ಎಷ್ಟು ಚಿತ್ರಗಳನ್ನು ಮುಗಿಸಿ ಹೊರಬರುತ್ತಾನೆ? ಅದರ ವೆಚ್ಚ ಶಾಲೆಯದೋ ಅವನದೋ? ಒಂದು ಕ್ಯಾಮರಾಕ್ಕೆ ಎಷ್ಟು ಕೈಗಳು ಕಾದಿರುತ್ತವೆ? ಕಲಿಸುವವರು ನೆಲೆಯಾಗಿರುವವರೋ, ವಾರಕ್ಕೊಮ್ಮೆ ಬಂದು ಹೋಗುವವರೋ? ಹಳೆಯ ಚಿತ್ರಗಳನ್ನು ನೋಡಲು ವ್ಯವಸ್ಥೆಯಿದೆಯೇ? ನಮ್ಮ ವಿದ್ಯಾರ್ಥಿಯು ತಂದಿದ್ದ ಪುಸ್ತಿಕೆಗಳಲ್ಲಿ ಎರಡು ಖಾಸಗಿ ಶಾಲೆಗಳವು. ಅವುಗಳಲ್ಲಿ ಒಂದರಲ್ಲಿಯೂ ಈ ಪ್ರಶ್ನೆಗಳಿಗೆ ಪೂರ್ಣ ಉತ್ತರವಿರಲಿಲ್ಲ. ಶುಲ್ಕವನ್ನು ಹಿಂದಿರುಗಿಸಲಾಗುವುದಿಲ್ಲವೆಂಬ ಶಾಪಾಶಯವು ಮಾತ್ರ ಶಾಸನಗಳಲ್ಲಿರುವಂತೆಯೇ ಕಡೆಯಲ್ಲಿ ಸ್ಪಷ್ಟವಾಗಿತ್ತು.

ನಮ್ಮ ವಿಭಾಗದವರಿಗೆ ಹೇಳುವುದಾದರೆ, ಓದಿನಲ್ಲಿ ರುಚಿಯಿದ್ದು, ನಿರ್ದೇಶನವನ್ನೇ ಬಯಸಿ, ವರ್ಷಗಳನ್ನು ಕಳೆಯಬಲ್ಲವನು ಪುಣೆಗೋ ಕಲ್ಕತ್ತೆಗೋ ಪ್ರಯತ್ನಿಸಲಿ. ಆದರೆ ಅಲ್ಲಿನ ಸ್ಥಾನಗಳು ಬೆರಳೆಣಿಕೆಯವು, ಅದೊಂದನ್ನೇ ನೆಚ್ಚಿ ಕೂಡಬಾರದು. ಕೈಗೆ ಕಸುಬು ಬೇಕಾದವನಿಗೆ ಹೆಸರಘಟ್ಟವು ಎರಡನೆಯ ದರ್ಜೆಯ ಮಾರ್ಗವಲ್ಲ. ಅದು ಮೂರ್ತಿಯವರು ನಡೆದ ಮಾರ್ಗ. ಖಾಸಗಿ ಶಾಲೆಗಳಲ್ಲಿ ಒಳ್ಳೆಯವೂ ಇರಬಹುದು. ಹಾಗಿದ್ದರೆ ಕಳೆದ ಎರಡು ವರ್ಷಗಳ ವಿದ್ಯಾರ್ಥಿ ಚಿತ್ರಗಳನ್ನು, ಆರಿಸಿದವುಗಳನ್ನಲ್ಲ, ಎಲ್ಲವನ್ನೂ ತೋರಿಸಲು ಅವರು ಹಿಂಜರಿಯಬೇಕಾದ ಕಾರಣವಿಲ್ಲ.

ಈ ಬೇಡಿಕೆಯನ್ನು ಮುಂದಿಟ್ಟು, ವಿಭಾಗದ ಪರವಾಗಿ, ಆ ಎರಡು ಶಾಲೆಗಳಲ್ಲೊಂದಕ್ಕೆ ನಾವು ಪತ್ರ ಬರೆದೆವು. ಮೂರು ವಾರಗಳ ಮೇಲೆ ಉತ್ತರವಾಗಿ ಬಂದದ್ದು ಅದೇ ಪುಸ್ತಿಕೆಯ ಇನ್ನೊಂದು ಪ್ರತಿ.