ಎರಡೂ ಒಂಟೆ ಕರೀ ಮನ್ಯಾಗ

2021ರ ಜೂನ್ 13ರಂದು ವಿಶ್ವನಾಥನ್ ಆನಂದ್ ಎದುರು ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ನಿಯಮ ಮೀರಿದ ನಡೆ ಒಂದನ್ನೂ ಇಡಲಿಲ್ಲ. ಆನೆ ನೆಟ್ಟಗೆ ಹೋಯಿತು, ಒಂಟೆ ಓರೆಯಾಗಿ ಹೋಯಿತು, ಕುದುರೆ ಎರಡೂವರೆ ಮನೆಯನ್ನೇ ಜಿಗಿಯಿತು. ಆನಂದ್ ಸೋಲೊಪ್ಪಿಕೊಂಡರು. ಮರುದಿನ ಗೊತ್ತಾಯಿತು, ನಡೆಗಳೆಲ್ಲ ಸರಿ, ಆದರೆ ಕಾಮತರವಲ್ಲ.

ಇದನ್ನು ನೆನೆಯಲು ಕಾರಣ ನಮ್ಮೂರು. ಸಾಂಗ್ಲಿಯಲ್ಲಿ ಟೂರ್ನಮೆಂಟ್ ಆಡಿ ಬಂದವರಿಗೆ ತೆಲಸಂಗದ ಕಟ್ಟೆಯ ಬುದ್ಧಿಬಲ ಕಂಡರೆ ಅಸಡ್ಡೆ. ಇಲ್ಲಿ ಗಡಿಯಾರವಿಲ್ಲ, ಪಂಚನಿಲ್ಲ, ಮುಟ್ಟಿದ ಕಾಯನ್ನೇ ನಡೆಸಬೇಕೆಂಬ ಕಟ್ಟುಪಾಡಿಲ್ಲ, ಹಾಗಾಗಿ ಇದು ಆಟವೇ ಅಲ್ಲವಂತೆ. ನಿಯಮವಿದ್ದಲ್ಲಿ ಪ್ರಾಮಾಣಿಕತೆ ತಾನಾಗಿ ಇರುತ್ತದೆಂಬ ಈ ನಂಬಿಕೆಗೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು. ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮದಂತೆ ದೀರ್ಘ ಆಟದಲ್ಲಿ ಮೊದಲ ತಪ್ಪು ನಡೆಗೆ ಎದುರಾಳಿಗೆ 2 ನಿಮಿಷ, ಎರಡನೆಯದಕ್ಕೆ ಸೋಲು. ಒಳ್ಳೆಯದೇ. ಆದರೆ ಅದು ಶಿಕ್ಷಿಸುವುದು ಕಣ್ತಪ್ಪನ್ನು. ಕಳ್ಳತನ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಬೀಳದಿದ್ದರೂ ಆದೀತು, ನಿಯಮವೇ ಬಲೆಯಾದರೆ? 2017ರ ಡಿಸೆಂಬರ್, ರಿಯಾದ್‌ನಲ್ಲಿ ವಿಶ್ವ ಬ್ಲಿಟ್ಜ್, ಅಂದರೆ ಮಿಂಚಿನ ಚೆಸ್ ಪಂದ್ಯಾವಳಿ. ಆಗಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಆನೆಯಿಂದ ಶಹ ಕೊಟ್ಟರು. ಎದುರಾಳಿ, ರಷ್ಯಾದ ಎರ್ನೆಸ್ಟೊ ಇನಾರ್ಕೀವ್ ತಮ್ಮ ರಾಜನನ್ನು ಉಳಿಸಿಕೊಳ್ಳುವುದು ಬಿಟ್ಟು ಕುದುರೆಯಿಂದ ತಿರುಗಿ ಶಹ ಕೊಟ್ಟರು. ಕಾರ್ಲ್‌ಸನ್ ಕೈ ಅಭ್ಯಾಸಬಲದಿಂದ ರಾಜನನ್ನು ಸರಿಸಿತು. ಇನಾರ್ಕೀವ್ ಕೂಡಲೇ ಗಡಿಯಾರ ನಿಲ್ಲಿಸಿ, ತಪ್ಪು ನಡೆ ನಿನ್ನದು ಎಂದರು! ಮೊದಲು ಗೆಲುವು ಅವರಿಗೇ ಸಿಕ್ಕಿತು. ಆಮೇಲೆ ಮುಖ್ಯ ಪಂಚರು ಅಲ್ಲಿಂದಲೇ ಆಟ ಮುಂದುವರಿಸಿ ಎಂದರೆ ಇನಾರ್ಕೀವ್ ಒಪ್ಪಲಿಲ್ಲ, ಗೆಲುವು ಕಾರ್ಲ್‌ಸನ್ ಪಾಲಾಯಿತು. ಉದ್ದೇಶವಿತ್ತೋ ಇಲ್ಲವೋ, ಅದು ಇನಾರ್ಕೀವ್ ಮನಸ್ಸಿಗೆ ಗೊತ್ತು. ತನ್ನ ತಪ್ಪಿನ ಮೇಲೆ ನಿಂತು ಇನ್ನೊಬ್ಬನ ತಪ್ಪು ಎಣಿಸುವುದಕ್ಕೆ ನಿಯಮಪುಸ್ತಕ ನೆರವಾಯಿತೆಂಬುದು ಮಾತ್ರ ಎಲ್ಲರಿಗೂ ಕಂಡಿದ್ದು.

ಕಾಮತರ ಕ್ಷಮಾಪಣೆಗೆ ಬರೋಣ. ನನಗೆ ಆಟಕ್ಕಿಂತ ಅದೇ ಹೆಚ್ಚು ಕಾಡುತ್ತದೆ. ಆನಂದರನ್ನು ನಾನು ನಿಜವಾಗಿ ಸೋಲಿಸಿದೆನೆಂದು ಜನ ನಂಬಿದ್ದೇ ನಗೆಪಾಟಲು, ಬೆಳಗ್ಗೆ ಎದ್ದವನೇ ಉಸೇನ್ ಬೋಲ್ಟ್ ಜೊತೆ 100 ಮೀಟರ್ ಓಡಿ ಗೆದ್ದ ಹಾಗೆ ಎಂಬರ್ಥದ ಮಾತು ಮೊದಲು ಬರುತ್ತದೆ. ಅಂದರೆ ಪೆದ್ದರು ನಂಬಿದವರು. ಆಮೇಲೆ ನೆರವಿನ ಲೆಕ್ಕ: ಆಟ ವಿಶ್ಲೇಷಿಸುತ್ತಿದ್ದವರು, ಕಂಪ್ಯೂಟರ್, ಜೊತೆಗೆ ಆನಂದರ ದೊಡ್ಡತನ. ಮೂರೂ ಒಂದೇ ಉಸಿರಿನಲ್ಲಿ. ಮೋಸಹೋದವರನ್ನೇ ಮೋಸಕ್ಕೆ ನೆರವಾದವರ ಸಾಲಿನಲ್ಲಿ ಕೂರಿಸಿದ ಈ ವಾಕ್ಯದ ಜಾಣತನಕ್ಕೆ ಆನಂದರ ಬಳಿಯೂ ಎದುರುನಡೆ ಇರಲಿಕ್ಕಿಲ್ಲ. ತಪ್ಪೆಂದು ಕೊನೆಗೆ ಒಪ್ಪಿಕೊಂಡರು, ಕ್ಷಮೆಯನ್ನೂ ಕೇಳಿದರು, ನಿಜ. ಆ ಹೊತ್ತಿಗೆ ಅದು ಷರಾದಷ್ಟು ಸಣ್ಣದಾಗಿತ್ತು.

ಕೋವಿಡ್ ಪರಿಹಾರಕ್ಕೆ ಹಣ ಕೂಡಿಸಲು ಆಡಿದ್ದು, ಮೋಜಿನ ಆಟ, ಬಿಡ್ರಿ ಅಂದವರು ಬಹಳ ಮಂದಿ. ಅವರೊಡನೆ ನನ್ನ ಜಗಳ ಹಳೆಯದು. ಅದೇ ದಿನ ಆನಂದರ ಎದುರು ಕಿಚ್ಚ ಸುದೀಪ್ ಕೂತಿದ್ದರು, ಆಮಿರ್ ಖಾನ್ ಕೂತಿದ್ದರು. ಅವರೆಲ್ಲ ಸೋತರು. ಅದರಿಂದ ಪರಿಹಾರದ ಹಣವೇನೂ ಕಡಿಮೆಯಾಗಲಿಲ್ಲ. ಪಂಚನಿಲ್ಲದ ಆಟದಲ್ಲಿ ಎದುರಿಗೆ ಕೂತವನ ಮಾತು ಬಿಟ್ಟರೆ ಬೇರೆ ಏನಿದೆ?

ಕಟ್ಟೆಯೇನು ಸತ್ಯಲೋಕವಲ್ಲ. ಮಾತಿಗೆಳೆದು ಪ್ಯಾದೆ ಸರಿಸುವವರನ್ನು ನಾನೇ ನೋಡಿದ್ದೇನೆ. ಆದರೆ ಒಂದು ಸಂಜೆ ಗೆಲ್ಲುವ ಹಂತದಲ್ಲಿದ್ದ ಹಿರಿಯರೊಬ್ಬರು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದರು. "ತಮ್ಮಾ, ನನ್ನ ಎರಡೂ ಒಂಟೆ ಕರೀ ಮನ್ಯಾಗ ನಿಂತಾವಲ್ಲೋ." ಬಿಳಿ ಮನೆಯಲ್ಲೇ ಇರಬೇಕಾದ ಒಂಟೆ ಯಾವಾಗಲೋ ದಾರಿ ತಪ್ಪಿತ್ತು. ಬರೆದಿಟ್ಟ ಚೀಟಿಯಿಲ್ಲ, ಹಿಂದಕ್ಕೆ ಹೋಗುವಂತಿಲ್ಲ. ಎದುರಿಗಿದ್ದ ಹುಡುಗ ನೋಡಿರಲೇ ಇಲ್ಲ. ಅವರು ಕಾಯಿಗಳನ್ನೆಲ್ಲ ಕೈಯಿಂದ ಕೂಡಿಸಿ, "ಹೂಂ, ಹೂಡು" ಎಂದರು.