ಸ್ಪಿನೋಜಾನ ತತ್ತ್ವದಲ್ಲಿ ಇತಿಹಾಸದ ಸ್ಥಾನ

ರೇಖಾಗಣಿತದ ಕ್ರಮದಲ್ಲಿ ಪ್ರಮೇಯದಿಂದ ಪ್ರಮೇಯಕ್ಕೆ ಸಾಗುತ್ತ, ಮಾನವನ ರಾಗದ್ವೇಷಗಳನ್ನೂ ರೇಖೆ, ತಲ, ಘನಗಳಂತೆಯೇ ಪರಿಶೀಲಿಸಹೊರಟ ಸ್ಪಿನೋಜಾನಿಗೆ (1632–1677) ಇತಿಹಾಸದಿಂದ ಆಗಬೇಕಾದುದೇನೆಂದು, ಆತನ ‘ನೀತಿಶಾಸ್ತ್ರ’ವನ್ನಷ್ಟೇ ಓದಿದವರು ಕೇಳುವುದು ಸಹಜ. ಆದರೆ ಆ ಗ್ರಂಥದ ರಚನೆಯನ್ನು ನಡುವೆಯೇ ನಿಲ್ಲಿಸಿ, ಕರ್ತೃವಿನ ಹೆಸರಿಲ್ಲದೆ, ಹ್ಯಾಂಬರ್ಗಿನ ಮುದ್ರಣವೆಂಬ ಸುಳ್ಳು ವಿಳಾಸದೊಡನೆ 1670ರಲ್ಲಿ ಆಮ್‌ಸ್ಟರ್‌ಡಾಮಿನಿಂದ ಆತನು ಹೊರತಂದ ‘ದೈವಶಾಸ್ತ್ರ–ರಾಜನೀತಿ ಪ್ರಬಂಧ’ದಲ್ಲಿ ಇತಿಹಾಸವೇ ಕೈದೀವಿಗೆ.

ಧರ್ಮಗ್ರಂಥವನ್ನು ಅರಿಯುವ ವಿಧಾನವು ನಿಸರ್ಗವನ್ನು ಅರಿಯುವ ವಿಧಾನದಂತೆಯೇ ಇರಬೇಕೆಂದು ಏಳನೆಯ ಅಧ್ಯಾಯದಲ್ಲಿ ಸಾರುವ ಸ್ಪಿನೋಜಾ, ಹೀಬ್ರೂ ಭಾಷೆಯ ಸ್ವಭಾವ, ಕರ್ತೃವಿನ ಜೀವನ, ಗ್ರಂಥ ಹುಟ್ಟಿದ ಸಂದರ್ಭ, ಅದು ಯಾರ ಯಾರ ಕೈಸೇರಿ ಬಂದಿತೆಂಬ ವೃತ್ತಾಂತ, ಇವನ್ನೆಲ್ಲ ಮೊದಲು ಸಂಗ್ರಹಿಸಬೇಕೆನ್ನುತ್ತಾನೆ. ಮುಂದಿನ ಅಧ್ಯಾಯದಲ್ಲಿ ಇದರ ಫಲ ಪ್ರತ್ಯಕ್ಷವಾಗುತ್ತದೆ. ಮೋಶೆಯೇ ಬರೆದನೆಂದು ಪರಂಪರೆ ನಂಬಿದ ಐದು ಗ್ರಂಥಗಳ ಕಡೆಯಲ್ಲಿ ಮೋಶೆಯ ಮರಣವೂ, ಜನರು ಆತನಿಗಾಗಿ 30 ದಿನ ಶೋಕಿಸಿದುದೂ, ಅಂತಹ ಪ್ರವಾದಿ ಅನಂತರ ಹುಟ್ಟಲಿಲ್ಲವೆಂಬ ಮಾತೂ ಬರುತ್ತವೆ. ತನ್ನ ಸಾವಿಗೆ ಊರವರು ಅತ್ತುದನ್ನು ತಾನೇ ಬರೆದಿಡುವುದು ಯಾವ ಮನುಷ್ಯನಿಗೆ ಸಾಧ್ಯ? ಹನ್ನೆರಡನೆಯ ಶತಮಾನದ ವ್ಯಾಖ್ಯಾನಕಾರ ಇಬನ್ ಎಜ್ರಾ ಒಗಟಿನಂತೆ ಸೂಚಿಸಿ ಸುಮ್ಮನಾದುದನ್ನು ಸ್ಪಿನೋಜಾ ಬಿಚ್ಚಿ ಹೇಳಿ, ಇವುಗಳನ್ನು ಸಂಕಲಿಸಿದವನು ಮೋಶೆಗೆ ಬಹುಕಾಲಾನಂತರದ, ಬೈಬಲಿನ ಶಾಸ್ತ್ರಿ ಎಜ್ರನಿರಬೇಕೆಂದು ಊಹಿಸಿದನು.

ಇಷ್ಟಾದರೂ ಆತನ ಜ್ಞಾನಸೋಪಾನದಲ್ಲಿ ಇತಿಹಾಸಕ್ಕೆ ದೊರೆತುದು ಕೆಳಗಿನ ಮೆಟ್ಟಿಲು. ಪೂರ್ವಕಥೆಗಳಲ್ಲಿಟ್ಟ ನಂಬಿಕೆ, ಅದೆಷ್ಟೇ ದೃಢವಾಗಿರಲಿ, ದೇವರ ಜ್ಞಾನವನ್ನಾಗಲಿ ಪ್ರೇಮವನ್ನಾಗಲಿ ಕೊಡಲಾರದೆಂಬುದು ಆತನ ನಿರ್ಣಯ. ಇತಿಹಾಸ ಕಣ್ಣಿಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಬಲ್ಲುದು. ನೋಡುವ ಕೆಲಸ ಬುದ್ಧಿಯದು. ಆತನ ಬಲವೂ ಕೊರತೆಯೂ ಕೂಡಿ ಕಾಣುವುದು ಇಲ್ಲಿಯೇ. ಹಳ್ಳಿಗನಾದ ಪ್ರವಾದಿಗೆ ಎತ್ತುಹಸುಗಳೂ ಯೋಧನಾದವನಿಗೆ ಸೇನೆಗಳೂ ದರ್ಶನದಲ್ಲಿ ತೋರಿದುವೆಂದು ಅಷ್ಟು ಸೂಕ್ಷ್ಮವಾಗಿ ಕಂಡವನು, ತಾನು ನೆಚ್ಚಿದ ಜ್ಯಾಮಿತಿಯ ಕ್ರಮಕ್ಕೂ ಒಂದು ಕಾಲ, ಒಂದು ದೇಶ ಇದ್ದೀತೇ ಎಂದು ಕೇಳಿಕೊಳ್ಳಲಿಲ್ಲ. ಬುದ್ಧಿಗೂ ಚರಿತ್ರೆಯುಂಟೆಂಬ ವಿಚಾರ ಆತನ ದೃಷ್ಟಿಯ ಹೊರಗೇ ಉಳಿಯಿತು.

ಆದರೂ ಈ ಕೊರತೆಯಿಂದ ಆತನ ಸಾಧನೆ ಕುಗ್ಗದು. ಪುರೋಹಿತರಿಗೆ ರಾಜ್ಯದ ಆಡಳಿತದಲ್ಲಿ ಅಧಿಕಾರ ದೊರೆತುದು ರಾಜ್ಯಕ್ಕೂ ಧರ್ಮಕ್ಕೂ ಕೇಡಾಯಿತೆಂದು ಪ್ರಾಚೀನ ಹೀಬ್ರೂ ರಾಜ್ಯದ ಕಥೆಯಿಂದ ಆತನು ತೆಗೆದ ಪಾಠ, ಬೋಧಕರ ಒತ್ತಡಕ್ಕೆ ಸಿಕ್ಕಿದ್ದ ತನ್ನ ಡಚ್ ಗಣರಾಜ್ಯಕ್ಕೇ ಉದ್ದೇಶಿಸಿದುದು. ಹಾಲೆಂಡು 1674ರಲ್ಲಿ ಗ್ರಂಥವನ್ನು ನಿಷೇಧಿಸಿತು. ಸತ್ಯದ ಸಿಂಹಾಸನವನ್ನು ಇತಿಹಾಸಕ್ಕೆ ಕೊಡಲೊಲ್ಲದವನು ಸ್ವಾತಂತ್ರ್ಯದ ಬೀಗದ ಕೈಯನ್ನು ಅದಕ್ಕೇ ಒಪ್ಪಿಸಿದ್ದನೆಂಬುದನ್ನು ಆ ನಿಷೇಧವೇ ಸಾರುತ್ತದೆ.