ಹೋಗಿ ಬರುವ ಇಂಗ್ಲಿಷು

ಕಾರವಾರದ ನಮ್ಮ ಕೇರಿಗೆ ನೌಕಾನೆಲೆಯ ಕೆಲಸಕ್ಕೆಂದು ಉತ್ತರದ ಕಡೆಯ ಸಂಸಾರವೊಂದು ಬಂದಿದೆ. ಆ ಮನೆಯಾಕೆ ಒಂದು ಸಂಜೆ ಬಾಗಿಲಲ್ಲಿ ನಿಂತು ನಮ್ಮವರನ್ನು ಕೇಳಿದಳು. 'ದೇ ಹ್ಯಾವ್ ಗಾನ್ ಟು ಅಂಕೋಲಾ' ಅಂದೆ. ಯಾರ್‍ಯಾರು ಹೋಗಿದ್ದಾರೆ ಎಂದು ಆಕೆ ಕೇಳಿದಾಗಲೇ ಗೊತ್ತಾದದ್ದು, ಗಂಡನನ್ನು 'ಹಿ' ಅನ್ನಲು ನನ್ನ ನಾಲಿಗೆ ಏಳುವುದಿಲ್ಲವೆಂದು. ಪಕ್ಕದಲ್ಲಿದ್ದ ಮಗಳಿಗೆ ನಾಚಿಕೆ. 'ಇನ್ನು ಇಂಗ್ಲಿಷ್ ಮಾತಾಡಬೇಡಮ್ಮ' ಎಂದುಬಿಟ್ಟಳು.

ಆ ರಾತ್ರಿ ರಾಜಾರಾಯರ 'ಕಾಂತಾಪುರ'ವನ್ನು ಮತ್ತೆ ತೆಗೆದೆ. 1938ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಇಂಗ್ಲಿಷ್ ಕಾದಂಬರಿ. ಬರೆದವರು ಹಾಸನದಲ್ಲಿ ಹುಟ್ಟಿದವರು. ಘಟ್ಟದ ಹಳ್ಳಿಯೊಂದು ಗಾಂಧಿಯ ಸತ್ಯಾಗ್ರಹಕ್ಕಿಳಿದು ಚದುರಿಹೋದ ಕತೆಯನ್ನು ಅಚ್ಚಕ್ಕನೆಂಬ ಮುದುಕಿ ಹೇಳುತ್ತಾಳೆ. 1930ರಲ್ಲಿ ಉಪ್ಪಿನ ಕಾಯಿದೆ ಮುರಿದ ಅಂಕೋಲೆಯವರಿಗೆ ಇದು ಪರವೂರಿನ ಕತೆಯಲ್ಲ.

ನನ್ನನ್ನು ಹಿಡಿದದ್ದು ಅವಳ ಮಾತು. ಅಚ್ಚಕ್ಕನಿಗೆ ಪೂರ್ಣವಿರಾಮವೇ ಬೇಡ. ಒಂದು 'ಆಂಡ್'ನ ಬಾಲಕ್ಕೆ ಇನ್ನೊಂದು 'ಆಂಡ್' ಕಟ್ಟಿ, ಜಗಲಿಯಲ್ಲಿ ಅಕ್ಕಿ ಆರಿಸುತ್ತ ಕೂತವಳ ಹಾಗೆ ಹೇಳುತ್ತಲೇ ಹೋಗುತ್ತಾಳೆ. ನಮ್ಮ 'ಹೋಗಿ, ನೋಡಿ, ಮಾತಾಡಿಸಿ, ಬಂದು' ಎಂಬ ಸರಪಳಿಗೆ ಇಂಗ್ಲಿಷಿನಲ್ಲಿ ಬೇರೆ ದಾರಿಯಾದರೂ ಏನಿದೆ? ಹೆಸರುಗಳ ಬಗ್ಗೆ ಮಾತ್ರ ನನ್ನ ತಕರಾರಿದೆ. 'ಕಾರ್ನರ್‌ಹೌಸ್ ಮೂರ್ತಿ' ಅನ್ನುತ್ತಾರೆ ರಾಯರು. ಮೂಲೆಮನೆ ಎಂದರೆ ನಮಗೆ ಬರೀ ವಿಳಾಸ. ಇಂಗ್ಲಿಷಿನಲ್ಲಿ ಅದು ತಮಾಷೆಯ ಟೋಪಿ ಹಾಕಿಕೊಂಡಂತೆ ಕಾಣುತ್ತದೆ. ಇನ್ನೂ ದೊಡ್ಡ ಕೊರತೆ ಬಹುವಚನದ್ದು. ಅಲ್ಲಿ ಮೂರ್ತಿಯೂ 'ಹಿ', ಪೋಲೀಸು ಬಾಡೇಖಾನನೂ 'ಹಿ'. ಕನ್ನಡದಲ್ಲಾದರೆ, ಕಣ್ಣೆದುರೇ ಬೆಳೆದ ಹುಡುಗನನ್ನು ಊರೇ ಹಿಂಬಾಲಿಸತೊಡಗಿದ ಮೇಲೂ ಅಚ್ಚಕ್ಕ 'ಅವನು' ಅನ್ನುತ್ತಿದ್ದಳೋ, 'ಅವರು' ಅನ್ನುತ್ತಿದ್ದಳೋ? ಅದೊಂದು ಬದಲಾವಣೆಯಲ್ಲೇ ಅರ್ಧ ಕಾದಂಬರಿಯಿದೆ. ರಾಯರ ಇಂಗ್ಲಿಷಿಗೆ ಅದು ಸಿಕ್ಕಲಿಲ್ಲ. ನನ್ನ 'ದೇ'ಗೆ ಸಿಕ್ಕಿತ್ತು ನೋಡಿ!

ಜಂಬದಿಂದ ಮಗಳಿಗೆ ಇದನ್ನು ಹೇಳಿದೆ. 'ಅವರು ಬೇಕೆಂದೇ ಬರೆದದ್ದು, ನೀನು ಗೊತ್ತಿಲ್ಲದೆ ಆಡಿದ್ದು' ಅಂದಳು. ಮಾತು ಸುಳ್ಳಲ್ಲ. ಅಚ್ಚಕ್ಕ ಆಡುತ್ತಿರುವುದು ಕನ್ನಡವೇ ಎಂದು ನಾವು ಒಪ್ಪಿಕೊಂಡು ಓದುವುದರಿಂದ ಪುಸ್ತಕ ನಿಂತಿದೆ. ನಾನು ಆಡಿದ್ದು ನಿಜವಾದ ಇಂಗ್ಲಿಷು, ಅದೂ ಎದುರಿನವಳಿಗೆ ತಿಳಿಯಲಿಲ್ಲ. ಆದ್ದರಿಂದ ತಪ್ಪೇ. 'ದೇ'ಯನ್ನು ತಿದ್ದಿಕೊಂಡೆ.

ಆದರೆ 'ಐ ವಿಲ್ ಗೋ ಆಂಡ್ ಕಮ್' ಅನ್ನುವುದನ್ನು ತಿದ್ದಿಕೊಳ್ಳಲಾರೆ. ಬರೀ 'ಹೋಗುತ್ತೇನೆ' ಎಂದು ಹೊಸ್ತಿಲು ದಾಟಿದರೆ ನಮ್ಮತ್ತೆ ವಾಪಸು ಕರೆದು ಕೂರಿಸುತ್ತಿದ್ದರು. ಜಪಾನೀಯರು ಮನೆ ಬಿಡುವಾಗ ಹೇಳುವ 'ಇತ್ತೆ ಕಿಮಾಸು' ಎಂಬುದಕ್ಕೂ ಹೋಗಿ ಬರುತ್ತೇನೆ ಎಂದೇ ಅರ್ಥ. ಒಳಗಿದ್ದವರು 'ಇತ್ತೆರಾಶ್ಶಾಯ್', ಹೋಗಿ ಬಾ, ಅನ್ನುತ್ತಾರಂತೆ. ಇಂಗ್ಲಿಷಿನ 'ಬೈ'ಯಲ್ಲಿ ತಿರುಗಿ ಬರುವ ಮಾತೇ ಇಲ್ಲ.

ಮೊನ್ನೆ ಪಕ್ಕದ ಮನೆಯಾಕೆ ಪಾಯಸದ ಬಟ್ಟಲು ಹಿಂತಿರುಗಿಸಲು ಬಂದವಳು, ಮೆಟ್ಟಿಲಿಳಿಯುತ್ತ 'ಓಕೆ ಆಂಟಿ, ಗೋಯಿಂಗ್ ಆಂಡ್ ಕಮಿಂಗ್' ಅಂದಳು. ಒಳಗೆ ಮಗಳು ಹಣೆ ಚಚ್ಚಿಕೊಂಡದ್ದು ನನಗೆ ಕೇಳಿಸಿತು.